ಜೀವಕೋಶ ಚಿಕಿತ್ಸೆ, ರಕ್ತ ಹರಿಯದ ಕಾಲುಗಳಿಗೆ

ಕಾಲಿನ ಅಪಧಮನಿಗಳು ಕಟ್ಟಿಕೊಂಡು, ಬೈಪಾಸ್ ಶಸ್ತ್ರಕ್ರಿಯೆಗೂ ಬಲೂನ್ ಆಂಜಿಯೋಪ್ಲಾಸ್ಟಿಗೂ ಅವಕಾಶವಿಲ್ಲದಾಗ, ಕಾಲನ್ನು ಉಳಿಸಿಕೊಳ್ಳಲು ಸ್ನಾಯು ಅಥವಾ ರಕ್ತನಾಳದೊಳಕ್ಕೆ ಜೀವಂತ ಕೋಶಗಳನ್ನು ಚುಚ್ಚುವ ಚಿಕಿತ್ಸೆ. ಮಲಗಿದರೂ ಬಿಡದ ಪಾದದ ನೋವು, ಮಾಯದ ಹುಣ್ಣು, ಬೆರಳು ಕಪ್ಪಾಗಿ ಗ್ಯಾಂಗ್ರೀನ್ ಆಗುವುದು ಈ ಹಂತದ ಲಕ್ಷಣಗಳು. ಕಣಕಾಲಿನ ರಕ್ತದೊತ್ತಡ ಹಲವರಲ್ಲಿ 50 ಮಿ.ಮೀ.ಗೂ ಕೆಳಗಿಳಿದಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಈ ಅಳತೆ ಸುಳ್ಳಾಗಿ ಹೆಚ್ಚು ತೋರಬಹುದಾದ್ದರಿಂದ ಹೆಬ್ಬೆರಳಿನ ಒತ್ತಡವನ್ನೂ ನೋಡುತ್ತಾರೆ.

ನಾಳಗಳಲ್ಲಿ ಕೊಬ್ಬು ಕಟ್ಟುವುದು ಮುಖ್ಯ ಕಾರಣ. ಇನ್ನೊಂದು, ನ್ಯೂಯಾರ್ಕಿನ ವೈದ್ಯ ಲಿಯೊ ಬರ್ಜರ್ 1908ರಲ್ಲಿ ವಿವರಿಸಿದ ಬರ್ಜರ್ ಕಾಯಿಲೆ. ಬೀಡಿ, ಸಿಗರೇಟು ಸೇದುವ ಹರೆಯದ ಗಂಡಸರಲ್ಲಿ ಹೆಚ್ಚು. ಹೊಗೆಸೊಪ್ಪು ಬಿಡುವುದೇ ಇದರ ಮೊದಲ ಮದ್ದು. ಕೈಕಾಲಿನ ತುದಿಯ ಸಣ್ಣ ನಾಳಗಳೇ ಮುಚ್ಚಿಹೋಗುವುದರಿಂದ ಬೈಪಾಸ್ ನಾಳವನ್ನು ಜೋಡಿಸಲು ಜಾಗವೇ ಸಿಗದು. ಜೀವಕೋಶ ಚಿಕಿತ್ಸೆಯತ್ತ ಕಣ್ಣು ಹಾಯುವುದು ಇಂಥ ರೋಗಿಗಳಿಗಾಗಿ.

ವಯಸ್ಕರ ರಕ್ತದಲ್ಲಿ ಹರಿದಾಡುವ ಕೆಲವು ಕೋಶಗಳು ನಾಳದ ಒಳಪದರವಾಗಿ ಬೆಳೆಯಬಲ್ಲವು ಎಂದು 1997ರಲ್ಲಿ ತಕಾಯುಕಿ ಅಸಾಹರಾ ಮತ್ತು ಸಂಗಡಿಗರು ತೋರಿಸಿದರು. 2002ರಲ್ಲಿ ಜಪಾನಿನ ವೈದ್ಯರು ರೋಗಿಯದೇ ಅಸ್ಥಿಮಜ್ಜೆ ತೆಗೆದು, ಅದರ ಕೋಶಗಳನ್ನು ಮೀನಖಂಡದ ಹಲವೆಡೆ ಚುಚ್ಚಿ, ನೋವು ತಗ್ಗಿದ್ದನ್ನೂ ನಡೆಯುವ ದೂರ ಹೆಚ್ಚಿದ್ದನ್ನೂ ವರದಿ ಮಾಡಿದರು. ಚುಚ್ಚಿದ ಕೋಶಗಳೇ ಹೊಸ ನಾಳಗಳಾಗುತ್ತವೆಂಬ ಮೊದಲಿನ ನಂಬಿಕೆ ಈಗ ಸಡಿಲಗೊಂಡಿದೆ. ಅವುಗಳಲ್ಲಿ ಹೆಚ್ಚಿನವು ಬಹುಕಾಲ ಉಳಿಯುವುದಿಲ್ಲ. ಇರುವಷ್ಟು ದಿನ ಸ್ರವಿಸುವ ಬೆಳವಣಿಗೆ ಅಂಶಗಳು ಅಕ್ಕಪಕ್ಕದ ನಾಳಗಳನ್ನು ಕವಲೊಡೆಯಲು ಪ್ರಚೋದಿಸುತ್ತವೆ, ಉರಿಯೂತವನ್ನು ತಗ್ಗಿಸುತ್ತವೆ.

ಆರಂಭದ ಉತ್ಸಾಹಕ್ಕೆ ಪೆಟ್ಟು ಕೊಟ್ಟದ್ದು ನೆದರ್ಲೆಂಡ್ಸಿನ ಜುವೆಂಟಾಸ್ ಪರೀಕ್ಷೆ. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 160 ರೋಗಿಗಳಿದ್ದರು. ತೊಡೆಯ ಅಪಧಮನಿಗೆ ಮಜ್ಜೆಯ ಕೋಶಗಳನ್ನು ಹರಿಸಿಕೊಂಡವರಿಗೂ ಹುಸಿಮದ್ದು ಪಡೆದವರಿಗೂ ಕಾಲು ಕತ್ತರಿಸಬೇಕಾಗಿ ಬಂದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವಿಚಿತ್ರವೆಂದರೆ ಹುಸಿಮದ್ದಿನ ಗುಂಪಿನಲ್ಲೂ ಸುಧಾರಣೆ ಕಂಡಿತ್ತು. ಹೋಲಿಕೆ ಗುಂಪಿಲ್ಲದ ವರದಿಗಳನ್ನು ಎಚ್ಚರಿಕೆಯಿಂದ ಓದಬೇಕಾದದ್ದು ಇದಕ್ಕಾಗಿಯೇ.

ಮುದುಕರ, ಸಕ್ಕರೆ ಕಾಯಿಲೆಯವರ ಮಜ್ಜೆಯ ಕೋಶಗಳಿಗೆ ಕಸುವು ಕಡಿಮೆ. ಹಾಗಾಗಿ ಆರೋಗ್ಯವಂತ ದಾನಿಗಳ ಕೋಶಗಳನ್ನು ಬೆಳೆಸಿ ಬಳಸುವ ಹಾದಿ ತೆರೆಯಿತು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಹಲವು ದಾನಿಗಳ ಅಸ್ಥಿಮಜ್ಜೆಯ ಮೆಸೆಂಕೈಮಲ್ ಎಂಬ ಬಗೆಯ ಕೋಶಗಳನ್ನು ಒಟ್ಟುಗೂಡಿಸಿ ಸ್ಟೆಂಪ್ಯೂಸೆಲ್ ಎಂಬ ಮದ್ದನ್ನು ತಯಾರಿಸಿತು. ಅದನ್ನು ಶೈತ್ಯೀಕರಿಸಿ ಇಟ್ಟು, ಬೇಕಾದಾಗ ಕರಗಿಸಿ, ಮೀನಖಂಡಕ್ಕೂ ಹುಣ್ಣಿನ ಸುತ್ತಲೂ ಚುಚ್ಚುತ್ತಾರೆ. ಬರ್ಜರ್ ರೋಗಿಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ 20 ಲಕ್ಷ ಕೋಶ ಕೊಟ್ಟಾಗ ವಿಶ್ರಾಂತಿಯ ನೋವು ತಗ್ಗಿ ಹುಣ್ಣು ಮಾಯುವುದು ಹೆಚ್ಚಿತ್ತು. ಆದರೆ ಆ ಪರೀಕ್ಷೆಯಲ್ಲಿ ಯಾರಿಗೆ ಏನು ಕೊಟ್ಟಿದೆ ಎಂಬುದು ಗುಟ್ಟಾಗಿರಲಿಲ್ಲ. ಭಾರತದ ಔಷಧ ನಿಯಂತ್ರಕರು 2016ರಲ್ಲಿ ಬರ್ಜರ್ ಕಾಯಿಲೆಗೆ ಸೀಮಿತ ಅನುಮತಿ ಕೊಟ್ಟರು. 2020ರಲ್ಲಿ ಕೊಬ್ಬುಗಟ್ಟಿದ ನಾಳಗಳ ರೋಗಿಗಳಿಗೂ ಅದನ್ನು ವಿಸ್ತರಿಸಿದರು. 2019ರ ಅಂತರರಾಷ್ಟ್ರೀಯ ರಕ್ತನಾಳ ಮಾರ್ಗಸೂಚಿ ಮಾತ್ರ ಇಂಥ ಚಿಕಿತ್ಸೆಯನ್ನು ವೈದ್ಯಕೀಯ ಪ್ರಯೋಗಗಳ ಚೌಕಟ್ಟಿನೊಳಗಷ್ಟೇ ನೀಡಬೇಕೆನ್ನುತ್ತದೆ.