ಲಕ್ವಕ್ಕೆ ಲಾಕ್‌ಡೌನ್ ಇರಲಿಲ್ಲ

ಈ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಕ್ಷಮೆ ಇರಲಿ. ಮೊನ್ನೆ ಊರಿಗೆ ಹೋಗಿದ್ದೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಎಡಗೈ ಒಂದರಲ್ಲೇ ಅಡಿಕೆ ಸುಲಿಯೋಕೆ ಒದ್ದಾಡ್ತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ನೋಡಿ ಏನೋ ಹೇಳಹೊರಟರು, ಶಬ್ದ ಸಿಗಲಿಲ್ಲ, ನಕ್ಕು ಸುಮ್ಮನಾದರು. ಆ ನಗು ನೋಡಿದ ಮೇಲೆ ಇದನ್ನು ಬರೆದು ಬಿಡಬೇಕು ಅನ್ನಿಸಿತು.

2020ರ ಏಪ್ರಿಲ್ ತಿಂಗಳು. ಲಾಕ್‌ಡೌನ್ ಶುರುವಾಗಿ ಮೂರನೇ ವಾರ. ಬೆಳಿಗ್ಗೆ ಏಳೂವರೆಗೆ ದೊಡ್ಡಪ್ಪನ ಕೈಯಿಂದ ಕಾಫಿ ಲೋಟ ಜಾರಿತಂತೆ. ಬಾಯಿ ಒಂದು ಕಡೆ ಸೊಟ್ಟಗಾಯಿತು, ಮಾತು ತೊದಲಿತು. ದೊಡ್ಡಮ್ಮ ಗಾಬರಿಯಲ್ಲಿ ಫೋನ್ ಮಾಡಿದ್ದು ನನಗೆ. ಮನೆಯಲ್ಲಿ ಓದಿಕೊಂಡವನು ನಾನೇ ಅಲ್ಲವೇ! ಬೆಂಗಳೂರಲ್ಲಿ ಕೂತು ಮೂರು ಹೊತ್ತೂ ಟೀವಿ ನೋಡುತ್ತಿದ್ದ ನಾನು ಹೇಳಿದ್ದು ಇಷ್ಟು: "ಈಗ ಆಸ್ಪತ್ರೆ ಅಂದ್ರೆ ಕೊರೋನಾ ಗೂಡು. ವಯಸ್ಸಾದವರನ್ನ ಅಲ್ಲಿಗೆ ಕರ್ಕೊಂಡು ಹೋಗೋದು ಬೇಡ. ಮಲಗಲಿ, ಸಂಜೆ ನೋಡೋಣ."

ಸಂಜೆಗೂ ಸರಿಹೋಗದಿದ್ದಾಗ ಪಕ್ಕದ ಮನೆಯವರು ತಮ್ಮ ಓಮ್ನಿಯಲ್ಲಿ ಎಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಹನ್ನೊಂದು ಗಂಟೆ ಕಳೆದಿತ್ತು. ಅಲ್ಲಿದ್ದ ಡಾಕ್ಟರು ಬೈಯಲಿಲ್ಲವಂತೆ. ಗೋಡೆ ಮೇಲಿನ ಗಡಿಯಾರ ನೋಡಿ ಸುಮ್ಮನಾದರಂತೆ.

ಆ ಡಾಕ್ಟರು ಗಡಿಯಾರ ಯಾಕೆ ನೋಡಿದರು ಅನ್ನೋದು ನನಗೆ ಅರ್ಥವಾಗಿದ್ದು ಆಮೇಲೆ, ಓದುತ್ತಾ ಹೋದಾಗ. ಓದಿದ್ದನ್ನು ನಿಮ್ಮ ಮುಂದೆ ಇಡ್ತೀನಿ.

ಲಕ್ವ, ಪಾರ್ಶ್ವವಾಯು ಅಂತ ನಾವು ಕರೆಯೋ ಈ ಕಾಯಿಲೆ ಮನುಷ್ಯನಿಗೆ ಹೊಸದಲ್ಲ. 1658ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಎಂಬ ವೈದ್ಯ ಹೀಗೆ ಸತ್ತವರ ತಲೆಯನ್ನು ಬಿಚ್ಚಿ ನೋಡಿ, ಇದರ ಮೂಲ ಮೆದುಳಿನ ರಕ್ತನಾಳಗಳಲ್ಲಿದೆ ಅಂತ ಬರೆದ. ಒಳಗೆ ರಕ್ತ ಸೋರಿರಬಹುದು, ಇಲ್ಲವೇ ರಕ್ತ ಹರಿಯೋ ದಾರಿ ಕಟ್ಟಿರಬಹುದು. ಕಾರಣ ಗೊತ್ತಾಯಿತು, ಸರಿ. ಆದರೆ ಅದಾಗಿ ಮುನ್ನೂರು ವರ್ಷ ಕಳೆದರೂ ಡಾಕ್ಟರುಗಳ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಸೋರಿದ್ದೋ ಕಟ್ಟಿದ್ದೋ ಅಂತ ಬದುಕಿರುವವರ ತಲೆಯೊಳಗೆ ಇಣುಕಿ ನೋಡೋಕೆ ಸಾಧ್ಯವಾಗಿದ್ದೇ 1971ರಲ್ಲಿ, ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನ್ ಯಂತ್ರ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಚಿತ್ರ ತೆಗೆದಾಗ. ಅದಕ್ಕೆ 1979ರಲ್ಲಿ ನೊಬೆಲ್ ಕೂಡ ಬಂತು.

ನಿಜವಾದ ತಿರುವು ಬಂದಿದ್ದು 1995ರ ಡಿಸೆಂಬರಿನಲ್ಲಿ. ಅಮೆರಿಕದಲ್ಲಿ 624 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ರಕ್ತದ ಗರಣೆ ಕರಗಿಸೋ ಟಿಪಿಎ ಎಂಬ ಔಷಧಿಯನ್ನು ಲಕ್ವ ಹೊಡೆದ ಮೂರು ಗಂಟೆಯೊಳಗೆ ಕೊಟ್ಟರೆ, ಮೂರು ತಿಂಗಳ ನಂತರ ಹೆಚ್ಚೂಕಡಿಮೆ ಮೊದಲಿನಂತಾಗುವವರ ಪ್ರಮಾಣ ಶೇಕಡ 30ರಷ್ಟಾದರೂ ಜಾಸ್ತಿ. ಅಪಾಯವೂ ಇತ್ತು. ಔಷಧಿ ತಗೊಂಡವರಲ್ಲಿ ಶೇಕಡ 6.4ರಷ್ಟು ಮಂದಿಗೆ ಮೆದುಳಲ್ಲಿ ರಕ್ತಸ್ರಾವವಾಗಿ ಸ್ಥಿತಿ ಬಿಗಡಾಯಿಸಿತು, ತಗೊಳ್ಳದವರಲ್ಲಿ ಅದು 0.6 ಮಾತ್ರ. ಅದಕ್ಕೇ ಮೊದಲು ಸ್ಕ್ಯಾನ್, ಆಮೇಲೆ ಸೂಜಿ. 2008ರಲ್ಲಿ ಯೂರೋಪಿನ ಇನ್ನೊಂದು ಪ್ರಯೋಗ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. 2015ರಲ್ಲಿ ಒಂದರ ಹಿಂದೊಂದು ಐದು ಪ್ರಯೋಗಗಳು, ತೊಡೆಸಂದಿನ ರಕ್ತನಾಳದ ಮೂಲಕ ತೆಳ್ಳನೆ ಕೊಳವೆ ತೂರಿಸಿ ಮೆದುಳಿನ ದೊಡ್ಡ ನಾಳದಲ್ಲಿ ಸಿಕ್ಕಿಕೊಂಡ ಗರಣೆಯನ್ನು ಎಳೆದು ತೆಗೆಯಬಹುದು ಅಂತ ತೋರಿಸಿಕೊಟ್ಟವು. ಆಯ್ದ ಕೆಲವರಿಗೆ 24 ಗಂಟೆಯವರೆಗೂ ಇದು ಉಪಯೋಗ ಅಂತ 2018ರ ಹೊತ್ತಿಗೆ ಗೊತ್ತಾಯಿತು. ಆದರೆ ಆ ಸೌಲಭ್ಯ ಇರೋ ಆಸ್ಪತ್ರೆಗಳು ನಮ್ಮ ಕಡೆ ಎಷ್ಟಿವೆ ಹೇಳಿ?

ಜೆಫ್ರಿ ಸೇವರ್ ಎಂಬ ಅಮೆರಿಕದ ನರರೋಗ ತಜ್ಞರು 2006ರಲ್ಲಿ ಒಂದು ಲೆಕ್ಕ ಹಾಕಿದರು. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ. ಅದನ್ನು ಹನ್ನೊಂದು ಗಂಟೆಗೆ ಗುಣಿಸಿ ನೋಡೋ ಧೈರ್ಯ ನನಗೆ ಬಹಳ ದಿನ ಬರಲಿಲ್ಲ. ಒಂದು ರಾತ್ರಿ ಗುಣಿಸಿಯೂ ನೋಡಿದೆ. 125 ಕೋಟಿ.

ಇಲ್ಲಿ ಒಂದು ವಿಷಯ ಗಮನಿಸಿ. 1918ರ ಇನ್‌ಫ್ಲುಯೆಂಜಾ ಬಂದಾಗ ಲಕ್ವ ಹೊಡೆದವರು ಮನೆಯಲ್ಲಿದ್ದರೂ ಒಂದೇ, ಆಸ್ಪತ್ರೆಯಲ್ಲಿದ್ದರೂ ಹೆಚ್ಚೂಕಡಿಮೆ ಒಂದೇ. 1957, 1968ರ ಫ್ಲೂ ಕಾಲದಲ್ಲೂ ಅಷ್ಟೇ. ಗಡಿಯಾರ ಹಿಡಿದು ಕೊಡುವ ಚಿಕಿತ್ಸೆ ಅನ್ನೋದೇ ಆಗ ಇರಲಿಲ್ಲ. ಆ ಚಿಕಿತ್ಸೆ ಬಂದ ಮೇಲೆ ಲೋಕವನ್ನೆಲ್ಲ ಹೀಗೆ ಬಾಗಿಲು ಹಾಕಿಸಿದ ಮೊದಲ ಮಹಾಮಾರಿ ಕೋವಿಡ್. ಅಂದರೆ ಮನೆಯಲ್ಲೇ ಉಳಿದು ಕಳೆದುಕೊಳ್ಳೋಕೆ ಅಂತ ಏನಾದರೂ ಇದ್ದ ಮೊದಲ ತಲೆಮಾರು ನಮ್ಮದೇ.

ಹಾಗೆ ಕಳೆದುಕೊಂಡಿದ್ದೂ ನಿಜ. 2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಮಹಾಮಾರಿ ಅಂದಿತು. ಅಮೆರಿಕದ 856 ಆಸ್ಪತ್ರೆಗಳಲ್ಲಿ ಲಕ್ವದ ಸ್ಕ್ಯಾನ್ ನೋಡೋಕೆ ಆಗ ಒಂದೇ ಸಾಫ್ಟ್‌ವೇರ್ ಬಳಸ್ತಿದ್ದರು. ಅದರ ದಾಖಲೆ ತೆಗೆದು ನೋಡಿದವರಿಗೆ, ಫೆಬ್ರವರಿಗೆ ಹೋಲಿಸಿದರೆ ಮಾರ್ಚ್ ಕೊನೆ-ಏಪ್ರಿಲ್ ಮೊದಲ ಎರಡು ವಾರದಲ್ಲಿ ರೋಗಿಗಳ ಸಂಖ್ಯೆ ಶೇಕಡ 39ರಷ್ಟು ಕುಸಿದಿದ್ದು ಕಂಡಿತು. ಆಮೇಲೆ 70 ದೇಶಗಳ 457 ಕೇಂದ್ರಗಳ ಲೆಕ್ಕ ಬಂತು. ಮಹಾಮಾರಿಗೆ ಮುಂಚಿನ ನಾಲ್ಕು ತಿಂಗಳಲ್ಲಿ ಲಕ್ವದಿಂದ ದಾಖಲಾದವರು 91,373. ಮಹಾಮಾರಿಯ ನಾಲ್ಕು ತಿಂಗಳಲ್ಲಿ 80,894. ಗರಣೆ ಕರಗಿಸೋ ಔಷಧಿ ಸಿಕ್ಕವರು ಶೇಕಡ 13.2ರಷ್ಟು ಕಡಿಮೆ.

ಲಕ್ವ ಹೊಡೆಯೋದೇ ಕಡಿಮೆಯಾಯಿತಾ? ಹಾಗೆ ನಂಬೋದು ಕಷ್ಟ. ಕೋವಿಡ್ ಸೋಂಕೇ ರಕ್ತ ಗರಣೆಗಟ್ಟಿಸುತ್ತಿತ್ತು. ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯರು ಆ ಏಪ್ರಿಲಿನಲ್ಲಿ, ಎರಡೇ ವಾರದಲ್ಲಿ ಐವತ್ತು ದಾಟದ ಐದು ಜನ ಕೋವಿಡ್ ರೋಗಿಗಳು ದೊಡ್ಡ ಲಕ್ವದಿಂದ ಬಂದರು ಅಂತ ವರದಿ ಮಾಡಿದರು. ಹಿಂದಿನ ಒಂದು ವರ್ಷದಲ್ಲಿ ಆ ವಯಸ್ಸಿನವರು ಎರಡು ವಾರಕ್ಕೆ ಸರಾಸರಿ ಒಬ್ಬರೂ ಬರುತ್ತಿರಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಆ ಐವರಲ್ಲಿ ಇಬ್ಬರು ಆಸ್ಪತ್ರೆಗೆ ಹೋಗೋಕೆ ಹೆದರಿ ಆಂಬ್ಯುಲೆನ್ಸ್ ಕರೆಯೋದನ್ನು ತಡಮಾಡಿದ್ದರು. ಓದಿದಾಗ ನನ್ನ ಫೋನ್ ಮಾತೇ ಕಿವಿಯಲ್ಲಿ ಕೇಳಿಸಿತು...

ಇಷ್ಟಾದರೂ ಆಸ್ಪತ್ರೆಗಳು ಕೈಕಟ್ಟಿ ಕೂತಿರಲಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ, ಟೀವಿಯವರೂ ತೋರಿಸಲಿಲ್ಲ. 2003ರಲ್ಲಿ ಸಾರ್ಸ್ ಕಂಡು ಬೆಂದಿದ್ದ ಟೊರಾಂಟೋದ ವೈದ್ಯರು 2020ರ ವಸಂತದಲ್ಲೇ 'ಸುರಕ್ಷಿತ ಲಕ್ವ ಕರೆ' ಎಂಬ ಕ್ರಮ ಬರೆದು ಪ್ರಕಟಿಸಿದರು. ಲಕ್ವದ ರೋಗಿಗೆ ಮಾತೇ ಬಾರದಿದ್ದರೆ ಜ್ವರ, ಕೆಮ್ಮು ಇತ್ತಾ ಅಂತ ಕೇಳೋದು ಯಾರನ್ನ? ಹಾಗಿದ್ದಾಗ ಸೋಂಕು ಇರಬಹುದು ಅಂತಲೇ ಎಣಿಸಿ, ರೋಗಿಗೆ ಮಾಸ್ಕ್ ಹಾಕಿ, ಬೇಕಾದಷ್ಟೇ ಜನ ಒಳಗೆ ಹೋಗಿ. ರಕ್ಷಣಾ ಉಡುಪು ಸರಿಯಾಗಿ ಹಾಕಿದಿರಾ ಅಂತ ನೋಡೋಕೇ ಒಬ್ಬರು ಬೇರೆ ಇರಲಿ. ಚಿಕಿತ್ಸೆಯೂ ನಿಲ್ಲಬಾರದು, ಚಿಕಿತ್ಸೆ ಕೊಡುವವರೂ ಬೀಳಬಾರದು. ಅಮೆರಿಕದ ಹೃದ್ರೋಗ ಸಂಘ ಏಪ್ರಿಲ್ 1ಕ್ಕೇ ತಾತ್ಕಾಲಿಕ ಸಲಹೆ ಹೊರಡಿಸಿತು: ಸಾಧ್ಯವಾದಷ್ಟೂ ಮೊದಲಿನ ಕ್ರಮವನ್ನೇ ಪಾಲಿಸಿ, ಆಗದ ಕಡೆ ವಿವೇಚನೆ ಬಳಸಿ ಅಂತ. ನಮ್ಮ ದೇಶದಲ್ಲೂ ಮಾರ್ಚ್ 25ರಂದೇ, ಲಾಕ್‌ಡೌನ್ ಶುರುವಾದ ದಿನವೇ, ದೂರದಿಂದ ಫೋನ್, ವೀಡಿಯೋ ಮೂಲಕ ಚಿಕಿತ್ಸೆ ನೀಡೋದಕ್ಕೆ ಅಧಿಕೃತ ಮಾರ್ಗಸೂಚಿ ಬಂತು. ಆಸ್ಪತ್ರೆಗಳಿಗೆ ಲಾಕ್‌ಡೌನ್ ಅನ್ವಯಿಸುತ್ತಲೇ ಇರಲಿಲ್ಲ. ಕರ್ನಾಟಕದಲ್ಲಿ 2008ರಿಂದ ಓಡಾಡುತ್ತಿರೋ 108 ಆಂಬ್ಯುಲೆನ್ಸೂ ಇತ್ತು.

ಬಾಗಿಲು ತೆರೆದೇ ಇತ್ತು. ಮುಚ್ಚಿದೆ ಅಂತ ಹೇಳಿದವನು ನಾನು.

ಬೆಳಿಗ್ಗೆಯೇ ಹೊರಟಿದ್ದರೆ ದೊಡ್ಡಪ್ಪನ ಕೈ ಬರುತ್ತಿತ್ತಾ? ಖಂಡಿತ ಅಂತ ಯಾರೂ ಹೇಳಲಾರರು. ಸ್ಕ್ಯಾನಿನಲ್ಲಿ ಕಂಡಿದ್ದು ಗರಣೆಯೇ, ರಕ್ತಸ್ರಾವ ಅಲ್ಲ. ಏಳೂವರೆಗೆ ಶುರುವಾಗಿದ್ದು. ಎಪ್ಪತ್ತು ಕಿಲೋಮೀಟರ್ ಅಂದರೆ ಖಾಲಿ ರಸ್ತೆಯಲ್ಲಿ ಒಂದೂವರೆ ಗಂಟೆ. ನಾಲ್ಕೂವರೆ ಗಂಟೆಯೊಳಗೆ ಆಗುತ್ತಿತ್ತೇನೋ. ಈ ಲೆಕ್ಕ ನಾನು ಎಷ್ಟು ಸಲ ಹಾಕಿದ್ದೀನೋ! ಕೊರೋನಾ ಇಲ್ಲದ ಕಾಲದಲ್ಲೂ ನಮ್ಮಲ್ಲಿ ತಡವಾಗಿ ಬರೋರೇ ಹೆಚ್ಚು ಅಂತ ಸಮಾಧಾನ ಹೇಳೋರಿದ್ದಾರೆ. ಸಮಾಧಾನವೇನೂ ಆಗಿಲ್ಲ.

ಒಳ್ಳೆಯದೂ ಒಂದಿದೆ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಜೊತೆಗೂಡಿ ನಮ್ಮ ಸರ್ಕಾರ ಮೆದುಳಿನ ಆರೋಗ್ಯಕ್ಕೆಂದೇ ಒಂದು ಯೋಜನೆ ಶುರುಮಾಡಿತು. ಹಳ್ಳಿ ಕಡೆಯ ವೈದ್ಯರಿಗೆ ತರಬೇತಿ ಕೊಟ್ಟು, ಮೆದುಳು-ನರದ ಕಾಯಿಲೆಗಳನ್ನು ಅಲ್ಲೇ ಗುರುತಿಸೋ ಹಾಗೆ ಮಾಡೋದು ಅದರ ಉದ್ದೇಶ. ಮೊದಲು ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರ.

ಮುಂದೆ ಇನ್ನೊಂದು ಮಹಾಮಾರಿ ಬಂದೇ ಬರುತ್ತೆ ಅಂತಾರೆ ತಿಳಿದವರು. ಬರಲಿ, ಬಿಡಲಿ, ಇಷ್ಟು ನೆನಪಿಟ್ಟುಕೊಳ್ಳಿ. ಮುಖ ಸೊಟ್ಟಗಾದರೆ, ಎತ್ತಿದ ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ ಗಡಿಯಾರ ನೋಡಿ, ಸ್ಕ್ಯಾನ್ ಇರೋ ಆಸ್ಪತ್ರೆಗೆ ಹೊರಡಿ. ಮಗನಿಗೋ ತಮ್ಮನ ಮಗನಿಗೋ ಫೋನ್ ಮಾಡೋದು ದಾರಿಯಲ್ಲಿ.

ದೊಡ್ಡಮ್ಮ ಅಡಿಗೆಮನೆ ಗೋಡೆ ಮೇಲೆ ಮಸಿಯಲ್ಲಿ ದೊಡ್ಡದಾಗಿ 108 ಅಂತ ಬರೆದಿದ್ದಾರೆ. ನನ್ನ ನಂಬರೂ ಅಲ್ಲೇ ಇದೆ, ಅದರ ಕೆಳಗೆ, ಸಣ್ಣದಾಗಿ. ಹಾಗೇ ಇರಲಿ ಅಂದೆ.

ಆ ದಿನಗಳಲ್ಲಿ ನಿಮ್ಮ ಮನೆಗಳಲ್ಲೂ ಇಂಥದ್ದು ಆಗಿರಬಹುದು. ಹೇಳ್ಕೋಬೇಕು ಅನ್ನಿಸಿದರೆ ಬರೀರಿ, ಓದ್ತೀನಿ.