ಹತ್ತೊಂಬತ್ತನೆಯ ಶತಮಾನದ ಪುರಾತತ್ವ ಶೋಧ: ದಕ್ಷಿಣ ಕನ್ನಡ

ದಕ್ಷಿಣ ಕನ್ನಡದಲ್ಲಿ ಹತ್ತೊಂಬತ್ತನೆಯ ಶತಮಾನದ ಪುರಾತತ್ವ ಶೋಧ ಹೆಚ್ಚಾಗಿ ನೆಲ ಅಗೆಯದೆಯೇ ನಡೆಯಿತು. ಮೂಡುಬಿದಿರೆ, ವೇಣೂರು, ಕಾರ್ಕಳಗಳ ಜೈನ ಸ್ಮಾರಕಗಳು ಮಣ್ಣಿನಡಿ ಹೂತಿರಲಿಲ್ಲ. ಬಸದಿಗಳಲ್ಲಿ ಪೂಜೆ ನಡೆಯುತ್ತಿತ್ತು, ಶಾಸನದ ಕಲ್ಲುಗಳು ಕಣ್ಣೆದುರೇ ನಿಂತಿದ್ದವು. ಓದುವವರು ಬೇಕಿತ್ತು, ಅಷ್ಟೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಯ ಬೇಸಾಯ, ವ್ಯಾಪಾರ, ಜನಜೀವನ ತಿಳಿಯಲು ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿತು. 1801ರಲ್ಲಿ ಆತ ಬಂಟ್ವಾಳದಿಂದ ಬೆಳ್ತಂಗಡಿ, ಮೂಡುಬಿದಿರೆ ಹಾದು ಕಾರ್ಕಳಕ್ಕೆ ಹೋದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಭತ್ತ, ಅಡಿಕೆಗಳ ವಿವರದ ನಡುವೆಯೇ 1432ರ ಕಾರ್ಕಳದ ಗೊಮ್ಮಟನೂ ಬರುತ್ತಾನೆ.

ಲಿಪಿಯ ಅಧ್ಯಯನ ಗಟ್ಟಿಯಾದದ್ದು ಎ. ಸಿ. ಬರ್ನೆಲ್‌ನಿಂದ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಆತ ದಕ್ಷಿಣ ಭಾರತದ ಲಿಪಿಗಳ ಬೆಳವಣಿಗೆಯನ್ನು ಕುರಿತು ಬರೆದ ಗ್ರಂಥ 1874ರಲ್ಲಿ ಅಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾಯಿತು. ಎರಡು ವರ್ಷಗಳ ಬಳಿಕ ಜೇಮ್ಸ್ ಫರ್ಗುಸನ್ ತನ್ನ ವಾಸ್ತುಶಿಲ್ಪ ಚರಿತ್ರೆಯಲ್ಲಿ ಮೂಡುಬಿದಿರೆಯ ಬಸದಿಗಳನ್ನು ಜಗತ್ತಿಗೆ ಪರಿಚಯಿಸಿದ. ಅವುಗಳ ಇಳಿಜಾರು ಮಾಡಿಗೆ ಹೋಲಿಕೆ ಅವನಿಗೆ ಸಿಕ್ಕಿದ್ದು ನೇಪಾಳದಲ್ಲಿ. ಆದರೆ ಆಟಿಯ ಮಳೆ ಸುರಿಯುವ ತುಳುನಾಡಿನಲ್ಲಿ ಮನೆ, ಗುತ್ತು, ದೈವಸ್ಥಾನ ಎಲ್ಲಕ್ಕೂ ಇಳಿಜಾರು ಮಾಡೇ. 1430ರ ಸಾವಿರ ಕಂಬದ ಬಸದಿಯನ್ನು ಮೊದಲು ಈ ನೆಲದ ಕಟ್ಟಡಗಳ ಸಾಲಿನಲ್ಲಿಟ್ಟು ನೋಡುವುದೇ ಸರಿ.

ಅಗೆತದ ಕೆಲಸ ನಡೆದದ್ದು ಘಟ್ಟದ ಮೇಲೆ, ದೂರದ ಬಯಲುಸೀಮೆಯಲ್ಲಿ. ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಬೃಹತ್ ಶಿಲಾಸಮಾಧಿಗಳನ್ನು ಅಗೆಸಿ, ಮಣ್ಣಿನ ಪದರಗಳ ಸೀಳುನೋಟವನ್ನೂ ಬರೆದಿಟ್ಟ. ಆ ಕಾಲಕ್ಕೆ ಇದು ಅಪರೂಪದ ಎಚ್ಚರ.

ಆಡಳಿತದ ಗಡಿಯೂ ಶೋಧದ ದಿಕ್ಕನ್ನು ಬದಲಿಸಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೈಸೂರು, ಕೊಡಗುಗಳಿಗೆ ಮೀಸಲಾದ್ದರಿಂದ ತುಳುನಾಡಿನ ಕಲ್ಲುಗಳು ಅದರಿಂದ ಹೊರಗುಳಿದವು. ಕಾರ್ಕಳ, ವೇಣೂರಿನ ಗೊಮ್ಮಟ ಶಾಸನಗಳನ್ನು ಮದರಾಸಿನ ಶಾಸನತಜ್ಞ ಹುಲ್ಟ್ಜ್ ಪ್ರಕಟಿಸುವ ಹೊತ್ತಿಗೆ ಇಪ್ಪತ್ತನೆಯ ಶತಮಾನ ಕಾಲಿಟ್ಟಿತ್ತು.