ಸುಟಿಗೆಯಿಂದ ಕಾವಿನ ಲೆಕ್ಕದವರೆಗೆ

ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಕಾವೇರಿಯ ದಡದ ಸೋಮಗಿರಿಯ ಮೇಲಿರುವ ಮುಡುಕುತೊರೆ ಮಲ್ಲಿಕಾರ್ಜುನ ತಲಕಾಡಿನ ಪಂಚಲಿಂಗಗಳಲ್ಲಿ ಒಂದೆಂದು ಯಾತ್ರಿಕರು ಬಲ್ಲರು. ರೈತರಿಗಾದರೋ ಆ ಹೆಸರು ಮೊದಲು ನೆನಪಿಸುವುದು ಅಲ್ಲಿನ ದನಗಳ ಜಾತ್ರೆಯನ್ನು. ಹಿಂದಿನ ಕಾಲದಲ್ಲಿ ಇಂಥ ಜಾತ್ರೆಗಳಿಗೆ ಬರುತ್ತಿದ್ದ ಹಳೇ ಮೈಸೂರು ಸೀಮೆಯ ಎಷ್ಟೋ ರಾಸುಗಳ ಮೈಮೇಲೆ ಬರೆಯ ಗುರುತುಗಳು ಕಾಣುತ್ತಿದ್ದವು. ಹೆಗಲು ಊದಿದರೆ, ಕಾಲು ಕುಂಟಿದರೆ ಕಾದ ಕಬ್ಬಿಣದಿಂದ ಚರ್ಮದ ಮೇಲೆ ಗೆರೆ ಎಳೆಯುವುದು, ಅಂದರೆ ಸುಟಿಗೆ ಹಾಕುವುದು, ಊರೂರಲ್ಲಿ ರೂಢಿಯಲ್ಲಿದ್ದ ಚಿಕಿತ್ಸೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಮನುಷ್ಯರ ರೋಗಗಳಿಗೆ ಹೇಳಿರುವ ಅಗ್ನಿಕರ್ಮಕ್ಕೆ, ಅಂದರೆ ಇಂಥದೇ ಸುಡುವ ಚಿಕಿತ್ಸೆಗೆ, ಒಂದು ಅಧ್ಯಾಯವೇ ಮೀಸಲಾಗಿದೆ. ಸುಟಿಗೆಯಿಂದ ರಾಸಿಗೆ ಆಗುತ್ತಿದ್ದ ಗುಣಕ್ಕಿಂತ ನೋವೇ ಹೆಚ್ಚೆನ್ನಬೇಕು. ಏಕೆಂದರೆ ಮೇಲಿನ ಚರ್ಮ ಸುಡುತ್ತಿತ್ತೇ ಹೊರತು ಕಾವು ಒಳಗೆ ಎಷ್ಟು ಇಳಿಯಿತೆಂದು ಅಳೆಯುವ ಉಪಾಯವಿರಲಿಲ್ಲ.

ಚರ್ಮವನ್ನು ಸುಡದೆ ಒಳಗಿನ ಗಡ್ಡೆಯನ್ನಷ್ಟೇ ಕಾಯಿಸುವ ಪ್ರಯತ್ನ 1957ರಲ್ಲಿ ಅಮೆರಿಕದಲ್ಲಿ ನಡೆಯಿತು. ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ನಾಯಿಗಳ ದುಗ್ಧಗ್ರಂಥಿಗಳಿಗೆ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಸೇರಿಸಿ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕಾಂತಕ್ಷೇತ್ರದಲ್ಲಿಟ್ಟು, ಕಣಗಳಿಂದಲೇ ಶಾಖ ಹುಟ್ಟುವುದನ್ನು ತೋರಿಸಿದರು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಅವರು ಬಳಸಿದ ಕಣಗಳು 20ರಿಂದ 100 ನ್ಯಾನೋಮೀಟರ್ ಗಾತ್ರದವು.

ಆದರೆ ಹುಟ್ಟಿದ ಶಾಖ ಹುಟ್ಟಿದಲ್ಲೇ ನಿಲ್ಲುವುದಿಲ್ಲ, ಹರಿಯುವ ರಕ್ತ ಅದನ್ನು ಹೊತ್ತೊಯ್ಯುತ್ತದೆ. ಇದನ್ನು ಗಣಿತಕ್ಕೆ ಒಗ್ಗಿಸಿದ ಹ್ಯಾರಿ ಪೆನ್ಸ್ ಅವರಿಗೆ ಗಡ್ಡೆಗಳ ಗೊಡವೆಯೇ ಇರಲಿಲ್ಲ. ವಿಶ್ರಾಂತ ಸ್ಥಿತಿಯಲ್ಲಿದ್ದವರ ಮುಂಗೈಯೊಳಗೆ ತಾಪ ಅಳೆಯುವ ಸಣ್ಣ ತಂತಿಗಳನ್ನು ಹಾಯಿಸಿ ಅವರು ಪಡೆದ ಅಳತೆಗಳಿಂದ 1948ರಲ್ಲಿ ಪ್ರಕಟವಾದ ಸಮೀಕರಣದ ತಿರುಳು ಇಷ್ಟು: ಅಪಧಮನಿಯ ರಕ್ತಕ್ಕೂ ಸುತ್ತಲಿನ ಅಂಗಾಂಶಕ್ಕೂ ತಾಪದಲ್ಲಿ ಅಂತರ ಎಷ್ಟು ಹೆಚ್ಚೋ, ರಕ್ತ ಕೊಡುವ ಅಥವಾ ಕೊಂಡೊಯ್ಯುವ ಶಾಖವೂ ಅಷ್ಟೇ ಹೆಚ್ಚು. ದೊಡ್ಡ ರಕ್ತನಾಳಗಳ ಬಳಿ ಇದು ಒರಟು ಲೆಕ್ಕವೆಂಬ ಆಕ್ಷೇಪಗಳು ಮುಂದೆ ಬಂದವು, ಅವು ನ್ಯಾಯವಾದವೂ ಹೌದು. ಹಾಗಿದ್ದೂ ಅಂಗಾಂಶವನ್ನು ಸಾವಿರಾರು ಪುಟ್ಟ ಕೋಶಗಳಾಗಿ ವಿಂಗಡಿಸಿ ಪ್ರತಿಯೊಂದರ ತಾಪವನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವವರು ಇಂದಿಗೂ ಈ ಸಮೀಕರಣದಿಂದಲೇ ಹೊರಡುತ್ತಾರೆ. ಕಣದಲ್ಲಿ ಎಷ್ಟು ಶಾಖ ಹುಟ್ಟುತ್ತದೆಂಬ ಲೆಕ್ಕದ ಇನ್ನರ್ಧವನ್ನು 2002ರಲ್ಲಿ ರೋಸೆನ್ಸ್‌ವೈಗ್ ಒದಗಿಸಿದರು.

ಕಾಂತಕ್ಷೇತ್ರದಲ್ಲಿ ಕಣಗಳನ್ನು ಕಾಯಿಸಿ ಗಡ್ಡೆಯನ್ನು ಸುಡುವ, ಬರ್ಲಿನ್ನಿನಲ್ಲಿ ಬೆಳೆದ ಚಿಕಿತ್ಸೆಗೆ, ಮೆದುಳಿನ ಗಡ್ಡೆಗಳ ಮಟ್ಟಿಗೆ, 2010ರಲ್ಲಿ ಯೂರೋಪಿನ ಒಪ್ಪಿಗೆ ದೊರೆಯಿತು. ಚುಚ್ಚಿದ ಕಣಗಳು ಎಲ್ಲಿ ನೆಲೆಗೊಂಡಿವೆಯೆಂದು ಸಿಟಿ ಸ್ಕ್ಯಾನಿನಲ್ಲಿ ನೋಡಿ ಕಂಪ್ಯೂಟರು ತಾಪದ ನಕ್ಷೆಯನ್ನು ಮೊದಲೇ ಬರೆಯುತ್ತಿತ್ತು. ಅಷ್ಟಾದರೂ ವೈದ್ಯರು ಗಡ್ಡೆಯೊಳಗೆ ತೆಳು ನಳಿಕೆಯಿಟ್ಟು ತಾಪವನ್ನು ಅಳೆಯುವುದನ್ನು ಬಿಡಲಿಲ್ಲ, ಬಿಡಬಾರದಾಗಿತ್ತು ಕೂಡ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿನ ಸಂಶೋಧಕರು, ಕಬ್ಬಿಣ ಲೇಪಿಸಿದ ಸುರುಳಿಯಾಕಾರದ ಸಿಲಿಕಾ ಕಣಗಳನ್ನು ಕಾಂತಕ್ಷೇತ್ರದಿಂದ ಹಲ್ಲಿನ ಸೂಕ್ಷ್ಮನಾಳಗಳೊಳಗೆ ನಡೆಸಿ, ಅವುಗಳ ಶಾಖದಿಂದ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಹುದೆಂದು 2022ರಲ್ಲಿ ವರದಿ ಮಾಡಿದರು. ಪ್ರಯೋಗ ನಡೆದದ್ದು ಕಿತ್ತ ಹಲ್ಲುಗಳ ಮೇಲೆ. ಅವುಗಳಲ್ಲಿ ರಕ್ತ ಹರಿಯುವುದಿಲ್ಲವಾದ್ದರಿಂದ ಪೆನ್ಸ್ ಅವರ ಸಮೀಕರಣದಲ್ಲಿ ರಕ್ತ ಹೊತ್ತೊಯ್ಯುವ ಶಾಖವನ್ನು ಸೂಚಿಸುವ ಪದ ಅಲ್ಲಿ ಸೊನ್ನೆ. ಜೀವಂತ ದವಡೆಯಲ್ಲಿ ಹಲ್ಲಿನ ಸುತ್ತಲಿನ ಮೂಳೆಗೆ ಹರಿಯುವ ರಕ್ತವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.